ಎದೆಬಡಿತಕ್ಕೆ ಲಗಾಮು ಮಿದುಳಿನ ‘ಬೇಡ’

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳ ಮಕ್ಕಳಿಗೆ ಮಿಡಿಯುವ ಹೃದಯವನ್ನು ಕಣ್ಣಾರೆ ನೋಡಲು ಯಾವ ಯಂತ್ರವೂ ಬೇಕಿಲ್ಲ. ಚಂದ್ರಿಕೆಗೆ ಬಿಡಲು ಸಿದ್ಧವಾದ ಹಣ್ಣು ಹುಳುವಿನ ಬೆನ್ನನ್ನು ಬೆಳಕಿನಲ್ಲಿ ದಿಟ್ಟಿಸಿದರೆ ಸಾಕು. ನಡುಬೆನ್ನಿನ ಗೆರೆಯೊಂದು ಬಾಲದ ಕಡೆಯಿಂದ ತಲೆಯತ್ತ ಅಲೆಅಲೆಯಾಗಿ ಮಿಡಿಯುವುದು ಕಾಣುತ್ತದೆ. ಅದೇ ಅದರ ಹೃದಯ. ಇಟಲಿಯ ವಿಜ್ಞಾನಿ ಮಾಲ್ಪಿಘಿ 1669ರಷ್ಟು ಹಿಂದೆಯೇ ರೇಷ್ಮೆ ಹುಳುವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ.

ನಮ್ಮ ಹೃದಯ ಹೀಗೆ ಹೊರಗೆ ಕಾಣದು. ಆದರೆ ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಅದು ಡವಡವ ಎನ್ನುವುದನ್ನು ಅರಿಯದ ವಿದ್ಯಾರ್ಥಿ ಯಾರು? ಹಾಗೆ ಓಡುವ ಹೃದಯವನ್ನು ಮತ್ತೆ ಹಳಿಗೆ ತರುವವರು ಯಾರು?

ಸದಾ ಒತ್ತಿದ ಬ್ರೇಕು

ಹೃದಯ ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನರಗಳ ಹಂಗಿಲ್ಲದೆ ಬಿಟ್ಟರೆ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಆದರೆ ಸುಮ್ಮನೆ ಕುಳಿತಾಗ ನಾಡಿ ಸಿಗುವುದು 70ರ ಆಸುಪಾಸಿನಲ್ಲಿ. ಈ ವ್ಯತ್ಯಾಸಕ್ಕೆ ಕಾರಣ ಮಿದುಳುಕಾಂಡದಿಂದ ಇಳಿದು ಬರುವ ವೇಗಸ್ ನರ. ಹೆಸರಿನಲ್ಲಿ ವೇಗವಿದ್ದರೂ ಅದರ ಕೆಲಸ ವೇಗ ತಗ್ಗಿಸುವುದು! ಜರ್ಮನಿಯ ವೆಬರ್ ಸಹೋದರರು 1845ರಲ್ಲಿ ಈ ನರವನ್ನು ಪ್ರಚೋದಿಸಿ ಹೃದಯವನ್ನೇ ನಿಲ್ಲಿಸಿ ತೋರಿಸಿದರು. 1921ರಲ್ಲಿ ಆಟೊ ಲೋವಿ, ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ನಡೆಸಿ, ನರ ತನ್ನ ಆಜ್ಞೆಯನ್ನು ರಾಸಾಯನಿಕದ ಮೂಲಕ ಕಳಿಸುತ್ತದೆಂದು ಸಾಧಿಸಿದರು. 1936ರಲ್ಲಿ ನೊಬೆಲ್ ಪಡೆದರು.

ಗಾಬರಿಗೆ ಗಾಬಾ

ಕತ್ತಿನ ರಕ್ತನಾಳಗಳಲ್ಲೂ ಮಹಾಪಧಮನಿಯಲ್ಲೂ ರಕ್ತದೊತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದೊಡನೆ ಅವು ಮಿದುಳುಕಾಂಡದ ಮೆಡುಲ್ಲಾಗೆ ಸುದ್ದಿ ಮುಟ್ಟಿಸುತ್ತವೆ. ಆಗ ಎರಡು ಕೆಲಸ ನಡೆಯುತ್ತವೆ. ವೇಗಸ್ ಬ್ರೇಕು ಬಿಗಿಯಾಗುತ್ತದೆ. ಜೊತೆಗೆ, ಹೃದಯವನ್ನು ಹುರಿದುಂಬಿಸಿ ರಕ್ತನಾಳಗಳನ್ನು ಬಿಗಿಸುವ ನರಕೋಶಗಳಿಗೆ ‘ಬೇಡ’ ಎಂಬ ನಿರೋಧಕ ಸಂಕೇತ ಹೋಗುತ್ತದೆ. ಈ ‘ಬೇಡ’ವನ್ನು ಒಯ್ಯುವ ರಾಸಾಯನಿಕದ ಹೆಸರು ಗಾಬಾ. ಮಿದುಳಿನಲ್ಲಿ ಅದಿದೆಯೆಂದು ಗೊತ್ತಾದದ್ದು 1950ರಲ್ಲಿ.

ವಿಚಿತ್ರವೆಂದರೆ ಬ್ರೇಕಿಗೂ ಒಂದು ‘ಬೇಡ’ ಉಂಟು. ಉಸಿರು ಎಳೆದುಕೊಳ್ಳುವಾಗ ವೇಗಸ್ ನರಕೋಶಗಳನ್ನೇ ನಿರೋಧಕ ಸಂಕೇತಗಳು ತಡೆಯುತ್ತವೆ. ಬ್ರೇಕು ಸಡಿಲಗೊಂಡು ಬಡಿತ ಚುರುಕಾಗುತ್ತದೆ. ಬಿಡುವಾಗ ಮತ್ತೆ ನಿಧಾನ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ, ನೀವೇ ಪರೀಕ್ಷಿಸಿ. ಎಳೆಯರಲ್ಲಿ ಈ ಏರಿಳಿತ ಹೆಚ್ಚು. ಆದ್ದರಿಂದ ಮಗುವಿನ ಇಸಿಜಿ ವರದಿಯಲ್ಲಿ ‘ಸೈನಸ್ ಅರಿತ್ಮಿಯಾ’ ಎಂದಿದ್ದರೆ ಹೆತ್ತವರು ಎದೆಗುಂದಬೇಕಿಲ್ಲ. ಬಹುಪಾಲು ಅದು ಈ ಸಹಜ ಲಯವೇ. ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡರಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಏರಿಳಿತವನ್ನು ಅಳೆಯುವ ಪ್ರಯೋಗಾಲಯವೇ ಇದೆ.

ಪ್ರಾರ್ಥನೆಯ ಸಾಲಿನಲ್ಲಿ

ಬಿಸಿಲಿನಲ್ಲಿ ಬಹಳ ಹೊತ್ತು ನಿಂತ ಮಕ್ಕಳು ಕೆಲವೊಮ್ಮೆ ಕುಸಿದು ಬೀಳುತ್ತಾರೆ. ಕಾಲುಗಳಲ್ಲಿ ರಕ್ತ ತಂಗಿದಾಗ ಹೃದಯ ಚುರುಕಾಗಬೇಕು. ಆದರೆ ಒಮ್ಮೊಮ್ಮೆ ಪ್ರತಿವರ್ತನೆ ತಿರುವುಮುರುವಾಗಿ ಬ್ರೇಕೇ ಬಿಗಿಯುತ್ತದೆ, ರಕ್ತನಾಳಗಳು ಸಡಿಲಾಗುತ್ತವೆ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಇದು ಹೇಡಿತನವೂ ಅಲ್ಲ, ನಾಟಕವೂ ಅಲ್ಲ. ಮಗುವನ್ನು ಎಬ್ಬಿಸಿ ನಿಲ್ಲಿಸಬೇಡಿ. ಮಲಗಿಸಿ, ಕಾಲುಗಳನ್ನು ತುಸು ಎತ್ತಿ ಹಿಡಿಯಿರಿ. ಆದರೆ ಓಡುವಾಗಲೇ ಬಿದ್ದರೆ, ಎದೆನೋವು ಬಂದರೆ, ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು ಸಂಭವಿಸಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ಪರೀಕ್ಷೆಯ ದಿನದ ಡವಡವ. ಅದು ದೇಹ ಕೆಲಸಕ್ಕೆ ಅಣಿಯಾದ ಸೂಚನೆ, ಎದೆ ದುರ್ಬಲವಾದ ಗುರುತಲ್ಲ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತ ಕುಳಿತರೆ ಬ್ರೇಕು ತನ್ನ ಕೆಲಸ ತಾನು ಮಾಡುತ್ತದೆ. ತಂದೆತಾಯಿಯರು ಅಂಕಗಳ ಮಾತೆತ್ತದೆ ಅಷ್ಟು ಹೊತ್ತು ಬಿಟ್ಟುಕೊಟ್ಟರೆ ಅದೇ ದೊಡ್ಡ ಉಪಕಾರ.