ಹರೆಯದಲ್ಲಿ ಬರುವ ಉಬ್ಬಸ

ಉಬ್ಬಸವೆಂದರೆ ಬಾಲ್ಯದ ಅಥವಾ ಮುಪ್ಪಿನ ಕಾಯಿಲೆಯೆಂಬುದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಆದರೆ ಅದು ಹರೆಯದಲ್ಲಿಯೂ ಹೊಸದಾಗಿ ತಲೆದೋರಬಲ್ಲುದು. ಆಸ್ತಮಾ ಇಲ್ಲದಿದ್ದ, 20ರಿಂದ 44 ವಯಸ್ಸಿನ 6,461 ಜನರನ್ನು, ಬಹುಪಾಲು ಪಶ್ಚಿಮ ಯುರೋಪಿನಲ್ಲಿ, ಸುಮಾರು ಒಂಬತ್ತು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಶೇ. 2.2ರಷ್ಟು ಮಂದಿಗೆ ಆಸ್ತಮಾ ಬಂದಿತ್ತು. ಅಲರ್ಜಿಯಾಗಲಿ ಮೂಗಿನ ತೊಂದರೆಯಾಗಲಿ ಇಲ್ಲದವರಲ್ಲಿ ಈ ಪ್ರಮಾಣ ಶೇ. 1.1, ಅಲರ್ಜಿಯ ನೆಗಡಿಯುಳ್ಳವರಲ್ಲಿ ಶೇ. 4. ಆದಕಾರಣ ಮೇಲಿಂದ ಮೇಲೆ ಬರುವ ಸೀನನ್ನು ನಾವು ಕಡೆಗಣಿಸಲಾಗದು.

ಧೂಮಪಾನ, ಅತಿತೂಕ, ಹಿಟ್ಟು ಮತ್ತು ಮರದ ಧೂಳಿನ ನಡುವಿನ ದುಡಿಮೆ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಎಳವೆಯಲ್ಲಿ ಗಂಡುಮಕ್ಕಳನ್ನು ಹೆಚ್ಚಾಗಿ ಕಾಡುವ ಈ ವ್ಯಾಧಿ, ಪ್ರಾಯಕ್ಕೆ ಬಂದ ಬಳಿಕ ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ಕಾಡುತ್ತದೆ. ಅದು ಮದುವೆಯ ವಯಸ್ಸೂ ಹೌದು. ಸಂಬಂಧ ತಪ್ಪೀತೆಂದು ಮಗಳ ದಮ್ಮನ್ನು ಮುಚ್ಚಿಡುವ, ಚಟವಾದೀತೆಂದು ಇನ್‌ಹೇಲರ್ ಬಿಡಿಸುವ ಮನೆಗಳುಂಟು. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಔಷಧಿಯನ್ನು ನೇರವಾಗಿ ಶ್ವಾಸನಾಳಕ್ಕೆ ಮುಟ್ಟಿಸುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರವಾಗಬಹುದು.

ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್‌ಗುಟ್ಟುವಿಕೆ, ಮೆಟ್ಟಿಲೇರಿದರೆ ಏದುಸಿರು ಕಂಡಾಗ ತಡಮಾಡದೆ ವೈದ್ಯರಲ್ಲಿಗೆ ಹೋಗೋಣ. ಬೀಗರಿಗೂ ಮುಂಚಿತವಾಗಿಯೇ ತಿಳಿಸೋಣ. ಔಷಧಿಯನ್ನು ಅಡಗಿಸಿಡಬೇಕಾದ ಮನೆಗೆ ಮಗಳನ್ನು ಕಳುಹಿಸುವುದಕ್ಕಿಂತ, ಅರಿತು ಒಪ್ಪುವ ಮನೆಗಾಗಿ ಕಾಯುವುದೇ ಲೇಸು.