ಕುಡಿದವರನ್ನು ಕುಡಿಯಲಾರದ ರಾಕ್ಷಸ

ಈ ಸಲ ನಾವು ನೋಡಿದ್ದು 2012ರ ‘ಗ್ರ್ಯಾಬರ್ಸ್’. ಐರ್ಲೆಂಡಿನ ಪುಟ್ಟ ದ್ವೀಪ, ಹೊರಗೆ ಬಿರುಗಾಳಿ, ರಕ್ತ ಹೀರೋ ಸಮುದ್ರರಾಕ್ಷಸ. ರಕ್ತ ಚಿಮ್ಮುತ್ತೆ, ನಾವು ಬಿದ್ದು ಬಿದ್ದು ನಗ್ತೀವಿ! ಈ ರಾಕ್ಷಸನಿಗೆ ಆಲ್ಕೋಹಾಲ್ ವಿಷ. ಅದಕ್ಕೇ ಜೀವ ಉಳಿಸಿಕೊಳ್ಳೋಕೆ ಊರಿಗೆ ಊರೇ ಪಬ್ಬಿನಲ್ಲಿ ಕೂತು ಕಂಠಪೂರ್ತಿ ಕುಡಿಯುತ್ತೆ.

ಈ ಉಪಾಯ ನಡೆಯುತ್ತಾ? ಲೆಕ್ಕ ಹಾಕೋಣ. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ಶೇ 4ರ ಬಿಯರಿನಲ್ಲಿ ಅಷ್ಟೇ ಅಳತೆಗೆ ಸುಮಾರು 3,200 ಮಿಲಿಗ್ರಾಂ, ಅಂದ್ರೆ 40 ಪಟ್ಟು. ರಕ್ತದಲ್ಲಿ 400 ದಾಟಿದರೆ ನಮ್ಮ ಉಸಿರೇ ನಿಲ್ಲಬಹುದು. ಆಗಲೂ ಅದು ಬಿಯರಿನ ಎಂಟನೇ ಒಂದು ಭಾಗ ಅಷ್ಟೇ.

ಆಲ್ಕೋಹಾಲ್ ಒಡೆಯೋ ಕಿಣ್ವ ನಮ್ಮ ಲಿವರಿನಲ್ಲಿದೆ. ರಾಕ್ಷಸನಿಗೆ ಅದಿಲ್ಲ ಅಂದ್ಕೊಂಡ್ರೆ ಕಥೆ ಒಪ್ಪಬಹುದು. ಆದ್ರೆ ಅಷ್ಟು ಕುಡಿದ ಮೇಲೆ ಎದ್ದು ಓಡೋರು ಯಾರು?