ಮಹಾವೀರಾಚಾರ್ಯನ ಅಂಕಿಯ ಹಾರ

ಇಪ್ಪತ್ತೇಳರ ಮುಂದೆ 994681 ಎಂದು ಬರೆಯಿರಿ. ಎರಡು ಕೋಟಿ ಎಪ್ಪತ್ತೊಂಬತ್ತು ಲಕ್ಷವನ್ನು ಮೀರಿದ ಈ 27994681ರಲ್ಲಿ ರೂಪವಿಲ್ಲ, ಲಯವಿಲ್ಲ. ಇದನ್ನು 441ರಿಂದ ಗುಣಿಸುವ ಲೆಕ್ಕವೊಂದು ‘ಗಣಿತಸಾರಸಂಗ್ರಹ’ದಲ್ಲಿದೆ. ಒಂಬತ್ತನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಕರ್ತೃ ಮಹಾವೀರಾಚಾರ್ಯ. ಗ್ರಂಥದ ಆರಂಭದಲ್ಲಿ ಆತ ಸ್ತುತಿಸುವ ದೊರೆ ಅಮೋಘವರ್ಷ ನೃಪತುಂಗ. ಅದೇ ಆಸ್ಥಾನದ ‘ಕವಿರಾಜಮಾರ್ಗ’ವನ್ನು ನೆನೆಯುವ ನಾವು ಈ ಗಣಿತಜ್ಞನನ್ನು ಅಷ್ಟಾಗಿ ನೆನೆಯುವುದಿಲ್ಲ.

ನಾನು ಸಾಹಿತ್ಯದ ವಿದ್ಯಾರ್ಥಿ. ಲೆಕ್ಕವೆಂದರೆ ಬಾಲ್ಯದಿಂದಲೂ ಅಳುಕು. ಆದರೂ ಒಂದು ಸಂಜೆ ಕಾಗದ ಹಿಡಿದು ಗುಣಿಸಿದೆ. ಬಂದದ್ದು 12345653321. ನೋಡಿದೊಡನೆಯೇ ಮನಸ್ಸು ಒಪ್ಪಲಿಲ್ಲ. ಒಂದರಿಂದ ಆರಕ್ಕೆ ಏರಿದ ಅಂಕಿಗಳು ಇಳಿಯುವಾಗ ನಾಲ್ಕನ್ನು ಬಿಟ್ಟು, ಮೂರನ್ನು ಎರಡು ಸಲ ಹೇಳುತ್ತಿದ್ದವು. ಹುಡುಕಿದರೆ, ಕೂಡುವಾಗ ಒಂದು ದಶಕವನ್ನು ಮರೆತಿದ್ದೆ. ತಿದ್ದಿದಾಗ ಬಂದ ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಇಂಥ ಕೆಲವು ಗುಣಲಬ್ಧಗಳನ್ನು ಮಹಾವೀರಾಚಾರ್ಯ ಕಂಠಾಭರಣವೆಂದೇ ಕರೆದಿದ್ದಾನೆ. ಅದನ್ನು ಬರಿಯ ವಿನೋದವೆಂದು ನಾನು ಬಗೆಯಲಾರೆ. ನನ್ನ ತಪ್ಪನ್ನು ತೋರಿಸಿಕೊಟ್ಟವನು ಗುರುವಲ್ಲ, ಆ ಹಾರವೇ.

ಈ ಹಾರದ ಗುಟ್ಟೇನು? 441 ಎಂಬುದು 21ರ ವರ್ಗ. ರೂಪವಿಲ್ಲವೆಂದು ನಾವು ಹಳಿದ 27994681 ಕೂಡ 5291ರ ವರ್ಗ! ಇಪ್ಪತ್ತೊಂದನ್ನೂ 5291ನ್ನೂ ಗುಣಿಸಿದರೆ 111111. ಆದುದರಿಂದ ನಮ್ಮ ಉತ್ತರ ಆರು ಒಂದುಗಳ ವರ್ಗ. ಶಾಲೆಯ ಕ್ರಮದಲ್ಲಿ ಗುಣಿಸಿ: 111111ನ್ನು ಆರು ಸಾಲುಗಳಲ್ಲಿ, ಒಂದೊಂದು ಸಾಲನ್ನೂ ಒಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೀರಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಬಳಿಕ ಮತ್ತೆ ಇಳಿತ.

ನಮ್ಮ ಆಲಂಕಾರಿಕರು ಶಬ್ದಾಲಂಕಾರ, ಅರ್ಥಾಲಂಕಾರ ಎಂದು ವಿಂಗಡಿಸುತ್ತಾರಷ್ಟೆ. ಹಿಂದುಮುಂದಾಗಿ ಓದಬಲ್ಲ ಗತಪ್ರತ್ಯಾಗತ ಶಬ್ದದ ಚಮತ್ಕಾರ, ಭಾಷಾಂತರಿಸಿದರೆ ಉಳಿಯದು. ಈ ಸಂಖ್ಯೆಯ ಹಾರವೂ ಹಾಗೆಯೇ. ಹತ್ತರ ಬದಲು ಹನ್ನೆರಡರ ಗುಂಪುಗಳಲ್ಲಿ ಎಣಿಸುವ ಜನ ಇದೇ ಮೊತ್ತವನ್ನು ಬರೆದರೆ ಮೊದಲ ಅಂಕಿ ಎರಡು, ಕೊನೆಯದು ಒಂಬತ್ತು, ಹಾರ ಹರಿದೇಹೋಯಿತು. ಆದರೆ ಅದು ವರ್ಗಸಂಖ್ಯೆ ಎಂಬುದು ಅಲ್ಲಿಯೂ ನಿಜ. 3, 7, 11, 13, 37 ಎಂಬ ಐದೇ ಅವಿಭಾಜ್ಯಗಳಿಂದ, ಒಂದೊಂದನ್ನೂ ಎರಡೆರಡು ಸಲ ಬಳಸಿ, ಅದು ಹುಟ್ಟಿತೆಂಬುದೂ ನಿಜ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243 ಎಂಬುದೂ ಬದಲಾಗದು. ಇವು ಅರ್ಥಕ್ಕೆ ಸೇರಿದವು.

ಹಾರವನ್ನು ಉದ್ದವಾಗಿಸಬಹುದೆ? ಒಂಬತ್ತು ಒಂದುಗಳವರೆಗೆ ಧಾರಾಳವಾಗಿ. ಅದರ ವರ್ಗ 12345678987654321. ಹತ್ತನೆಯದನ್ನು ಸೇರಿಸಿದೊಡನೆ ನಡುಕಂಬದಲ್ಲಿ ಹತ್ತು ಬೀಳುತ್ತದೆ, ದಶಕ ಎಡಕ್ಕೆ ಹರಿಯುತ್ತದೆ. ಆಗ ಬರುವುದು 1234567900987654321. ಇಳಿತ ಸರಿಯಾಗಿಯೇ ಇದೆ. ಏರುವ ದಾರಿಯಲ್ಲಿ ಎಂಟು ಮಾತ್ರ ಕಾಣೆಯಾಗಿದೆ.